ಮನೆಯಲ್ಲಿ ಮಾರ್ಟಿನಿ: 12 ಸಾಮಾನಿನ ಬಾರ್ ಸೆಟ್‌ನಲ್ಲಿ ಕೆಲಸಕ್ಕೆ ಬಂದದ್ದು ಮೂರೂವರೆ

ಮೊದಲೇ ಹೇಳಿಬಿಡುತ್ತೇನೆ. ಮಾರ್ಟಿನಿಗೋಸ್ಕರ ಮಾತ್ರ ಈ ಹೋಮ್ ಬಾರ್ ಸೆಟ್ ತಗೊಳ್ಳೋಕೆ ಹೊರಟಿದ್ದರೆ ತಗೋಬೇಡಿ. ಆ ದುಡ್ಡಲ್ಲಿ ಒಂದು ಒಳ್ಳೆ ಡ್ರೈ ವರ್ಮೂತ್ (ಗಿಡಮೂಲಿಕೆ ಹಾಕಿದ, ಸಿಹಿ ಕಡಿಮೆಯ ವೈನ್) ಬಾಟಲಿ ತಗೊಳ್ಳಿ, ಎರಡು ಐಸ್ ಟ್ರೇ ತಗೊಳ್ಳಿ, ಫ್ರೀಜರಿನಲ್ಲಿ ಸ್ವಲ್ಪ ಜಾಗ ಮಾಡಿ. ಮಾರ್ಟಿನಿ ಅಂದರೆ ಜಿನ್, ವರ್ಮೂತ್, ಮತ್ತೆ ಸಿಕ್ಕಾಪಟ್ಟೆ ತಂಪು. ಸೆಟ್‌ನಲ್ಲಿ ಎಲ್ಲಾ ಬರುತ್ತೆ, ತಂಪು ಬರಲ್ಲ.

ಕಂಪನಿ ಹೆಸರು ಬರೆಯುತ್ತಿಲ್ಲ. ಬರೆದೂ ಪ್ರಯೋಜನ ಇಲ್ಲ, ಯಾಕೆಂದರೆ ಇದೇ ಸೆಟ್ಟು ಆನ್‌ಲೈನ್‌ನಲ್ಲಿ ಹತ್ತು ಹೆಸರಲ್ಲಿ, ಹತ್ತು ಬಣ್ಣದ ಡಬ್ಬಿಯಲ್ಲಿ ಮಾರಾಟಕ್ಕಿದೆ. ಸ್ಟೀಲಿನ ಶೇಕರ್, ಜಿಗ್ಗರ್ ಅನ್ನೋ ಅಳತೆ ಬಟ್ಟಲು, ಉದ್ದ ಚಮಚ, ಸ್ಪ್ರಿಂಗ್ ಸ್ಟ್ರೇನರ್, ನಿಂಬೆ ಪುದೀನ ಜಜ್ಜೋ ಕೋಲು, ಐಸ್ ಚಿಮಟ, ಬಾಟಲಿ ಬಾಯಿಗೆ ಸಿಗಿಸೋ ಮೂತಿ ಎರಡು, ಓಪನರ್, ಮರದ ಸ್ಟ್ಯಾಂಡು, ಎರಡು ಮಾರ್ಟಿನಿ ಗ್ಲಾಸು. ಜೊತೆಗೆ ಒಂದು ಪುಟ್ಟ ರೆಸಿಪಿ ಪುಸ್ತಕ, ಅದನ್ನ ಯಾರು ಬರೆದರೋ ಗೊತ್ತಿಲ್ಲ, ಅದರಲ್ಲಿ ಮಾರ್ಟಿನಿಗೆ ಸಕ್ಕರೆ ಪಾಕ ಹಾಕಿ ಅಂತಿದೆ. ಆ ಪುಟ ಹರಿದು ಹಾಕಿ.

ಈಗ ಒಂದೊಂದೇ.

ಜಿಗ್ಗರ್ ಚೆನ್ನಾಗಿದೆ. ಒಂದು ಕಡೆ 30, ಇನ್ನೊಂದು ಕಡೆ 60 ಮಿ.ಲೀ., ಅಂದರೆ ನಮ್ಮ ಸ್ಮಾಲು, ಲಾರ್ಜು. ಅಡುಗೆಮನೆ ತೂಕದ ಮೇಲೆ ಇಟ್ಟು ನೀರು ತುಂಬಿ ನೋಡಿದೆ. 30ರ ಕಡೆ ಸರಿಯಾಗಿ 30 ಗ್ರಾಂ ಬಂತು. 60ರ ಕಡೆ ಮಾತ್ರ ಅಂಚಿನವರೆಗೂ ತುಂಬಿದರೇನೇ 60. ಅಷ್ಟು ತುಂಬಿ ಎತ್ತಿದರೆ ಕೈಮೇಲೆ ಚೆಲ್ಲುತ್ತೆ, ಚೆಲ್ಲದ ಹಾಗೆ ತುಂಬಿದರೆ ಅಳತೆ ಕಡಿಮೆ. ಹಾಗಾಗಿ 30ರ ಕಡೆಯಿಂದ ಎರಡು ಸಲ ಹಾಕಿ. ದೊಡ್ಡ ಕೊರತೆ ಏನಂದರೆ 10 ಮಿ.ಲೀ.ಗೆ ಗೆರೆ ಇಲ್ಲ. ವರ್ಮೂತ್ ಅಳೆಯೋದೇ ಅಲ್ಲಿ ರೀ! ಮಕ್ಕಳ ಕೆಮ್ಮಿನ ಸಿರಪ್ ಜೊತೆ ಬರುವ ಪ್ಲಾಸ್ಟಿಕ್ ಮುಚ್ಚಳ ಇರುತ್ತಲ್ಲ, 2.5, 5, 10 ಅಂತ ಗೆರೆ ಇರುವುದು, ಅದನ್ನ ಚೆನ್ನಾಗಿ ತೊಳೆದು ಇಟ್ಟುಕೊಂಡಿದ್ದೇನೆ. ಇಡೀ ಸೆಟ್ಟಿಗಿಂತ ಆ ಮುಚ್ಚಳವೇ ನನಗೆ ಜಾಸ್ತಿ ಕೆಲಸಕ್ಕೆ ಬಂದಿದೆ.

ಉದ್ದ ಚಮಚವೂ ಪರವಾಗಿಲ್ಲ. ಕಾಂಡ ತಿರುಚಿಕೊಂಡಿದೆ, ಬೆರಳ ನಡುವೆ ಸರಾಗವಾಗಿ ತಿರುಗುತ್ತೆ. ಚಮಚದ ಬೆನ್ನು ಶೇಕರ್ ಡಬ್ಬಿಯ ಗೋಡೆಗೆ ತಾಗಿಕೊಂಡೇ ಸುತ್ತಬೇಕು, ಐಸೆಲ್ಲ ಒಟ್ಟಿಗೆ ಸದ್ದಿಲ್ಲದೆ ತಿರುಗಬೇಕು. ಕಟಕಟ ಅಂತ ಸದ್ದು ಬಂದರೆ ಐಸ್ ಒಡೆಯುತ್ತಿದೆ ಅಂತ ಅರ್ಥ. ತುದಿಯಲ್ಲಿರುವ ಕೆಂಪು ಪ್ಲಾಸ್ಟಿಕ್ ಟೋಪಿ ಮೊದಲ ಸಲ ತೊಳೆಯುವಾಗಲೇ ಉದುರಿತು, ಹೋಗಲಿ ಬಿಡಿ.

ಸ್ಟ್ರೇನರ್ ಬೇಕೇ ಬೇಕು, ಇದು ಕೆಲಸ ಮಾಡುತ್ತೆ. ಅದರ ಸ್ಪ್ರಿಂಗು ಪೂರ್ತಿ ಕಳಚಿ ಬರುತ್ತೆ, ಅದು ಒಳ್ಳೆಯದೇ, ತೊಳೆಯೋಕೆ ಸುಲಭ.

ಇನ್ನು ಅರ್ಧ ಅಂದೆನಲ್ಲ, ಅದು ಶೇಕರಿನ ಕೆಳಗಿನ ಅರ್ಧ. ಮೇಲಿನ ಅರ್ಧವನ್ನ ಮರೆತುಬಿಡಿ. ಇದು ಮೂರು ತುಂಡಿನ ಶೇಕರ್, ಮುಚ್ಚಳದಲ್ಲೇ ತೂತುಗಳಿರುವ ಜಾತಿ. ಐಸ್ ಹಾಕಿ ಅಲುಗಾಡಿಸಿದ ಕೂಡಲೇ ಸ್ಟೀಲು ಕುಗ್ಗುತ್ತೆ, ಒಳಗಿನ ಗಾಳಿಯೂ ತಣ್ಣಗಾಗಿ ಒತ್ತಡ ಕಡಿಮೆ ಆಗುತ್ತೆ, ಎರಡೂ ಸೇರಿ ಮುಚ್ಚಳ ಕಚ್ಚಿಕೊಂಡು ಕೂತುಬಿಡುತ್ತೆ. ಮನೆಗೆ ಬಂದವರು ಗ್ಲಾಸು ಹಿಡಿದು ಕಾಯುತ್ತಿರುತ್ತಾರೆ, ನೀವು ಟವೆಲ್ ಸುತ್ತಿಕೊಂಡು ಕುಸ್ತಿ ಆಡುತ್ತಿರುತ್ತೀರಿ. ಸುಮ್ನೆ ಯಾಕೆ? ಕೆಳಗಿನ ಡಬ್ಬಿಯಲ್ಲಿ ಐಸ್ ಹಾಕಿ, ಚಮಚದಲ್ಲಿ ತಿರುಗಿಸಿ, ಸೋಸಿಬಿಡಿ. ಬಾರ್‌ಗಳಲ್ಲಿ ಇಡುವ ದಪ್ಪ ಗಾಜಿನ ಜಾರ್ ನೋಡೋಕೆ ಚೆಂದ, ಆದರೆ ಅದನ್ನ ಮೊದಲೇ ತಣ್ಣಗೆ ಮಾಡಿ ಇಡದಿದ್ದರೆ ಆ ಗಾಜೇ ಅರ್ಧ ತಂಪು ನುಂಗಿಬಿಡುತ್ತೆ. ತೆಳು ಸ್ಟೀಲಿಗೆ ಆ ತಾಪತ್ರಯ ಇಲ್ಲ.

ಗ್ಲಾಸು? ಬೇಜಾರು. ಅಳೆದು ನೋಡಿದೆ, 270 ಮಿ.ಲೀ. ಹಿಡಿಯುತ್ತೆ. ಒಂದು ಮಾರ್ಟಿನಿ ಅಂದರೆ 60 ಜಿನ್, 10 ವರ್ಮೂತ್, ಐಸ್ ಕರಗಿ ಸೇರುವ ನೀರು ಒಂದಿಷ್ಟು, ಎಲ್ಲಾ ಸೇರಿ 90ರ ಆಸುಪಾಸು. ಅಷ್ಟು ದೊಡ್ಡ ಗ್ಲಾಸಿನ ತಳದಲ್ಲಿ ಅದು ಇದೆಯೋ ಇಲ್ಲವೋ ಅನ್ನಿಸುತ್ತೆ. ಗ್ಲಾಸು ತುಂಬಲಿ ಅಂತ ಡಬಲ್ ಹಾಕಿದರೆ ಅರ್ಧ ಕುಡಿಯುವಷ್ಟರಲ್ಲಿ ಬೆಚ್ಚಗಾಗುತ್ತೆ, ಬೆಚ್ಚಗಿನ ಮಾರ್ಟಿನಿ ಕುಡಿಯೋದು ಶಿಕ್ಷೆ. ಅದರ ಬದಲು ಹಳೇ ಕಾಲದ ಕಾಲಿರುವ ಗಾಜಿನ ಐಸ್‌ಕ್ರೀಮ್ ಕಪ್ ಇರುತ್ತಲ್ಲ, ನಮ್ಮ ಎಷ್ಟೋ ಮನೆಗಳ ಶೋಕೇಸಿನಲ್ಲಿ ಈಗಲೂ ಕೂತಿರುತ್ತೆ, ಅದು ಫಸ್ಟ್ ಕ್ಲಾಸ್. ಇಲ್ಲದಿದ್ದರೆ ನಮ್ಮ ಬೆಳಗಾವಿಯ ಖಡೇಬಜಾರ್ ಕಡೆ ಹೋದಾಗ ಗಾಜಿನ ಸಾಮಾನಿನ ಅಂಗಡಿಯಲ್ಲಿ ಕೇಳಿ. ಚಿಕ್ಕದು ತಗೊಳ್ಳಿ, ತೆಳು ಅಂಚಿನದು ತಗೊಳ್ಳಿ. ಕುಡಿಯುವ ಮುಂಚೆ ಅರ್ಧ ಗಂಟೆ ಫ್ರೀಜರಿನಲ್ಲಿ ಇಡಿ.

ಉಳಿದ ಚಿಮಟ, ಕೋಲು, ಮೂತಿ, ಸ್ಟ್ಯಾಂಡ್ ಬಗ್ಗೆ ಬರೆಯೋಕೆ ಏನೂ ಇಲ್ಲ.

ಇನ್ನು ಒಳಗೆ ಹಾಕೋದರ ಬಗ್ಗೆ. ಜಿನ್ ವಿಷಯದಲ್ಲಿ ನಮಗೆ ಈಗ ಒಳ್ಳೆ ಕಾಲ. ಹತ್ತು ವರ್ಷದ ಹಿಂದೆ ಒಂದೋ ಅಗ್ಗದ ಜಿನ್ನು, ಇಲ್ಲ ಜೇಬಿಗೆ ಕತ್ತರಿ ಹಾಕೋ ಫಾರಿನ್ ಬಾಟಲಿ. 2017ರಲ್ಲಿ ಗ್ರೇಟರ್ ದ್ಯಾನ್ ಬಂತು, ಅದರ ಮರುವರ್ಷ ಸ್ಟ್ರೇಂಜರ್ ಅಂಡ್ ಸನ್ಸ್, ಎರಡೂ ಪಕ್ಕದ ಗೋವಾದವು. ಗ್ರೇಟರ್ ದ್ಯಾನ್ ಮಾಡುವವರದೇ ಹಪುಸಾ ಅಂತ ಇನ್ನೊಂದಿದೆ, ಅದಕ್ಕೆ ಹಿಮಾಲಯದ ಜುನಿಪರ್ ಕಾಯಿ (ಜಿನ್‌ಗೆ ಮುಖ್ಯ ರುಚಿ ಕೊಡೋದು ಇದೇ) ಹಾಕುತ್ತಾರೆ. ಮಾರ್ಟಿನಿಗೆ ನನ್ನ ಆಯ್ಕೆ ಗ್ರೇಟರ್ ದ್ಯಾನ್. ಲಂಡನ್ ಡ್ರೈ ಶೈಲಿ, ಜುನಿಪರ್ ಎದ್ದು ಕಾಣುತ್ತೆ, ವರ್ಮೂತ್ ಜೊತೆ ಜಗಳ ಆಡಲ್ಲ. ಸ್ಟ್ರೇಂಜರ್ ಅಂಡ್ ಸನ್ಸ್‌ನಲ್ಲಿ ನಿಂಬೆ ಜಾತಿಯ ಸಿಪ್ಪೆ, ಮಸಾಲೆ ಎಲ್ಲ ಮುಂದೆ ನಿಲ್ಲುತ್ತೆ, ಟಾನಿಕ್ ಜೊತೆ ಅದು ಬೊಂಬಾಟ್, ಮಾರ್ಟಿನಿಯಲ್ಲಿ ನನಗೆ ಸ್ವಲ್ಪ ಗದ್ದಲ ಅನ್ನಿಸಿತು. ಇದು ನನ್ನ ನಾಲಿಗೆ, ನಿಮ್ಮದು ಬೇರೆ ಇರಬಹುದು. ಹಪುಸಾ ಮಣ್ಣು, ಕಾಡಿನ ವಾಸನೆಯದ್ದು, ಮಳೆಗಾಲದಲ್ಲಿ ಒಮ್ಮೆ ಮಾಡಿ ನೋಡಿ. ದುಡ್ಡಿಗೆ ತೊಂದರೆ ಇಲ್ಲ ಅನ್ನುವವರು ಟ್ಯಾಂಕರೆ ತಗೊಳ್ಳಬಹುದು. ಅದರಲ್ಲಿ ಇರೋದು ಬರೀ ನಾಲ್ಕು ಸಾಮಗ್ರಿ, ಜುನಿಪರ್, ಹವೀಜ, ಏಂಜೆಲಿಕಾ ಬೇರು, ಜ್ಯೇಷ್ಠಮಧು. ಮಾರ್ಟಿನಿಗೆ ಆ ಸರಳತೆ ಚೆನ್ನಾಗಿ ಹೊಂದುತ್ತೆ.

ಬೆಳಗಾವಿಯವರಾದ ಮೇಲೆ ಎಲ್ಲರ ತಲೆಗೂ ಬರೋ ಮಾತು ಒಂದೇ: ಚೋರ್ಲಾ ಘಾಟ್ ಇಳಿದರೆ ಗೋವಾ, ರೇಟು ಕಡಿಮೆ, ಡಿಕ್ಕಿಯಲ್ಲಿ ನಾಲ್ಕು ಬಾಟಲಿ ತಂದರಾಯ್ತು. ಬೇಡ ರೀ. ಅಲ್ಲಿನ ಬಾಟಲಿ ಪರ್ಮಿಟ್ ಇಲ್ಲದೆ ಈ ಕಡೆ ತಂದರೆ ಅಬಕಾರಿ ಕೇಸು. ಕಣಕುಂಬಿ ಚೆಕ್‌ಪೋಸ್ಟಿನಲ್ಲಿ ಗಾಡಿ ನಿಲ್ಲಿಸಿ ಡಿಕ್ಕಿ ತೆಗೆಸಿದಾಗ ಉಳಿಸಿದ ದುಡ್ಡಿನ ಲೆಕ್ಕ ಯಾರಿಗೂ ನೆನಪಿರಲ್ಲ. ಅಲ್ಲೇ ಕುಡಿದು ಬನ್ನಿ, ಅಂದರೆ ಅಲ್ಲೇ ಉಳಿದು ಮರುದಿನ ಬನ್ನಿ. ಮನೆಗೆ ಬೇಕಾದದ್ದು ಇಲ್ಲೇ ತಗೊಳ್ಳಿ.

ಇಲ್ಲಿ ಜಿನ್ ಸಿಗುತ್ತೆ, ವರ್ಮೂತ್‌ಗೆ ಅಲೆಯಬೇಕು. ಕೆಲವು ಅಂಗಡಿಗಳಲ್ಲಿ ವರ್ಮೂತ್ ಅಂದರೆ ಮುಖ ನೋಡುತ್ತಾರೆ. ಒಂದು ಕಡೆ ‘ಮಾರ್ಟಿನಿ ಐತಿ’ ಅಂತ ಖುಷಿಯಿಂದ ಬಾಟಲಿ ತೆಗೆದುಕೊಟ್ಟರು, ನೋಡಿದರೆ ಕೆಂಪು, ಸಿಹಿ ರೊಸ್ಸೊ. ಮಾರ್ಟಿನಿ ಅನ್ನೋ ಇಟಲಿಯ ಕಂಪನಿ ನಾಲ್ಕಾರು ಥರ ವರ್ಮೂತ್ ಮಾಡುತ್ತೆ. ನಮಗೆ ಬೇಕಾದದ್ದು ಎಕ್ಸ್‌ಟ್ರಾ ಡ್ರೈ, ತಿಳಿ ಬಣ್ಣದ್ದು. ಲೇಬಲ್ ಓದಿ ತಗೊಳ್ಳಿ. ಫ್ರಾನ್ಸಿನ ಡೋಲಾಂ ಡ್ರೈ ಅಥವಾ ನ್ವಾಯಿ ಪ್ರಾ ಎಲ್ಲಾದರೂ ಕಣ್ಣಿಗೆ ಬಿದ್ದರೆ ಬಿಡಬೇಡಿ, ಬೆಂಗಳೂರಿನಿಂದ ಬರುವವರಿಗೆ ಹೇಳಿ ತರಿಸಿಕೊಳ್ಳೋದು ವಾಸಿ.

ವರ್ಮೂತ್ ಅಂದರೆ ವೈನ್. ಇದನ್ನ ದಪ್ಪ ಅಕ್ಷರದಲ್ಲಿ ಬರೆಯಬೇಕು. ಗಿಡಮೂಲಿಕೆ ಹಾಕಿ, ಸ್ವಲ್ಪ ಸ್ಪಿರಿಟ್ ಸೇರಿಸಿ ಗಟ್ಟಿ ಮಾಡಿದ ವೈನು, 15ರಿಂದ 18 ಪರ್ಸೆಂಟ್ ಆಲ್ಕೋಹಾಲು ಇರುತ್ತೆ. ಅದರಲ್ಲಿ ಮುಖ್ಯವಾಗಿ ಹಾಕೋ ಕಹಿ ಗಿಡ ನಮ್ಮ ದವನದ ಕುಲದ್ದೇ, ಮುಚ್ಚಳ ತೆಗೆದಾಗ ಬರುವ ಆ ಘಮ ಅದಕ್ಕೇ ಪರಿಚಯದ್ದು ಅನ್ನಿಸುತ್ತೆ. ಜಿನ್ ಬಾಟಲಿಯ ಮುಚ್ಚಳ ತೆಗೆದು ವರ್ಷ ಇಟ್ಟರೂ ಏನೂ ಆಗಲ್ಲ. ವರ್ಮೂತ್ ಹಾಗಲ್ಲ. ಮುಚ್ಚಳ ತೆಗೆದ ದಿನದಿಂದ ಗಾಳಿ ತಗುಲಿ ಕೆಡೋಕೆ ಶುರು. ಫ್ರಿಡ್ಜಿನಲ್ಲಿ ಇಟ್ಟರೆ ಒಂದೆರಡು ತಿಂಗಳು ಚೆನ್ನಾಗಿರುತ್ತೆ. ಬೆಳಗಾವಿಯ ಹವಾಮಾನ ಸ್ವಲ್ಪ ದಯೆ ತೋರಿಸಬಹುದು, ಆದರೆ ವಿಜಯಪುರ, ಬಾಗಲಕೋಟೆ ಕಡೆಯ ಮೇ ತಿಂಗಳಲ್ಲಿ ಕಪಾಟಿನ ಮೇಲಿಟ್ಟರೆ ಅದರ ಕಥೆ ಮುಗಿದ ಹಾಗೆ. ‘ನನಗೆ ಮಾರ್ಟಿನಿ ಸೇರಲ್ಲ’ ಅನ್ನುವವರಲ್ಲಿ ಅರ್ಧ ಜನ ಎಲ್ಲೋ ಬಾರ್‌ನಲ್ಲಿ ವರ್ಷದಿಂದ ಧೂಳು ತಿಂದ ವರ್ಮೂತ್ ಕುಡಿದಿರುತ್ತಾರೆ ಅಂತ ನನ್ನ ಗುಮಾನಿ.

ಮಾಡೋದು ಹೇಗೆ ಅಂದರೆ: ಡಬ್ಬಿ ತುಂಬ ಐಸ್. ನಾಲ್ಕು ತುಂಡಲ್ಲ, ಡಬ್ಬಿ ತುಂಬ. ಫ್ರೀಜರಿನಿಂದ ಆಗ ತಾನೇ ತೆಗೆದ ಗಟ್ಟಿ ಐಸ್ ಇರಬೇಕು, ಹೊರಗಿಟ್ಟು ಬೆವರುತ್ತಿರುವ ಐಸ್ ಅಲ್ಲ. ಜಿನ್ 60, ಡ್ರೈ ವರ್ಮೂತ್ 10. ಬಾರ್‌ಟೆಂಡರುಗಳ ಅಂತಾರಾಷ್ಟ್ರೀಯ ಸಂಘ ಐಬಿಎ ಕೊಡುವ ಅಳತೆಯೂ ಇದೇ. ನನಗೆ 15 ವರ್ಮೂತ್ ಇಷ್ಟ, ಅದಕ್ಕೆ ಮೂಗು ಮುರಿಯುವವರು ಮುರಿಯಲಿ. ಅರ್ಧ ನಿಮಿಷ ತಿರುಗಿಸಿ. ಡಬ್ಬಿಯ ಹೊರಗೆ ಬಿಳಿ ಮಂಜು ಕಟ್ಟುತ್ತೆ, ಬೆರಳಿಟ್ಟರೆ ಅಂಟುವ ಹಾಗೆ ತಣ್ಣಗಾಗುತ್ತೆ. ಆಲ್ಕೋಹಾಲು ಇರೋದರಿಂದ ಡ್ರಿಂಕು ಸೊನ್ನೆ ಡಿಗ್ರಿಗಿಂತಲೂ ಕೆಳಗೆ ಹೋಗುತ್ತೆ, ಬರೀ ನೀರಿಗೆ ಐಸ್ ಹಾಕಿದರೆ ಅಷ್ಟು ತಣ್ಣಗಾಗಲ್ಲ. ಕರಗಿದ ನೀರೂ ಬೇಕು, ಅದು ಇಲ್ಲದಿದ್ದರೆ ಗಂಟಲು ಉರಿಯುತ್ತೆ. ಸೋಸಿ ತಣ್ಣನೆಯ ಗ್ಲಾಸಿಗೆ ಹಾಕಿ.

ಅಲುಗಾಡಿಸಬಾರದಾ? ಅಲುಗಾಡಿಸಬಹುದು, ಪೊಲೀಸರು ಬರಲ್ಲ. ಆದರೆ ಸಣ್ಣ ಸಣ್ಣ ಗಾಳಿಗುಳ್ಳೆ, ಐಸ್ ಚೂರು ಸೇರಿ ಮಸುಕಾಗುತ್ತೆ, ನೀರೂ ಜಾಸ್ತಿ ಸೇರುತ್ತೆ. ನಿಂಬೆರಸ, ಹಾಲು, ಕಾಫಿ ಇರುವ ಡ್ರಿಂಕನ್ನ ಅಲುಗಾಡಿಸಿ, ಬರೀ ಮದ್ಯ ಇರೋದನ್ನ ತಿರುಗಿಸಿ, ಇಷ್ಟು ನೆನಪಿಟ್ಟರೆ ಸಾಕು.

ಮೇಲೆ ಹಾಕೋಕೆ ನಿಂಬೆ ಸಿಪ್ಪೆ ಇಲ್ಲವೇ ಆಲಿವ್. ಪುಸ್ತಕಗಳಲ್ಲಿ ಹೇಳೋ ನಿಂಬೆ ದಪ್ಪ ಸಿಪ್ಪೆಯ ಹಳದಿ ಲೆಮನ್. ನಮ್ಮ ಕಡೆ ಸಿಗೋದು ಇಂಡಿ ಲಿಂಬೆ, ಜಿಐ ಟ್ಯಾಗ್ ಕೂಡ ಸಿಕ್ಕಿದೆ. ರಸಕ್ಕೆ ಅದನ್ನ ಬಿಟ್ಟರಿಲ್ಲ, ಆದರೆ ಕಾಗದದಷ್ಟು ತೆಳು ಸಿಪ್ಪೆ. ಚೂಪು ಚಾಕುವಿನಿಂದ ನಾಣ್ಯದಷ್ಟು ಅಗಲ ಕೆತ್ತಿ, ಬಿಳಿ ಭಾಗ ಬರಬಾರದು, ಹೊಳೆಯುವ ಕಡೆಯನ್ನ ಗ್ಲಾಸಿನತ್ತ ಹಿಡಿದು ಬೆರಳಲ್ಲಿ ಮಡಚಿ ಹಿಂಡಿ. ಬೆಳಕಿಗೆ ಹಿಡಿದರೆ ಎಣ್ಣೆ ಸಣ್ಣಗೆ ಚಿಮ್ಮೋದು ಕಾಣುತ್ತೆ. ಹಿಂಡಿದ ಮೇಲೆ ಸಿಪ್ಪೆ ಆಚೆ ಎಸೆಯಿರಿ, ಒಳಗೆ ಬಿಟ್ಟರೆ ಕಹಿ ಬಿಡುತ್ತೆ. ದಪ್ಪ ಸಿಪ್ಪೆಯ ಕಿತ್ತಳೆ ಸಿಕ್ಕರೆ ಅದೂ ಚೆನ್ನ.

ನಮ್ಮ ಮಾವ ಹೋದ ತಿಂಗಳು ಬಂದಿದ್ದರು. ವಿಸ್ಕಿಗೆ ನೀರು ಬೆರೆಸಿ ರಾತ್ರಿಯಿಡೀ ಕೂರುವ ಆಸಾಮಿ. ನಾನು ಅಳೆಯೋದು, ತಿರುಗಿಸೋದು ಎಲ್ಲ ನೋಡಿ, ‘ಇಷ್ಟ ಗುಟುಕಿಗೆ ಇಷ್ಟೆಲ್ಲಾ ಸರ್ಕಸ್ ಬೇಕೇನಪಾ?’ ಅಂದರು. ಒಂದು ಗುಟುಕು ಆಯ್ತು. ‘ಖಡಕ್ ಐತಿ. ಇದಕ ಸೋಡಾ ಹಾಕು.’ ಹಾಕಿಕೊಟ್ಟೆ. ಏನು ಮಾಡೋದು, ಮಾವ!

ಮಾರ್ಟಿನಿಯ ಬಳಗ ದೊಡ್ಡದು. ಎಲ್ಲ ಮಾಡಬೇಕಿಲ್ಲ. ಜಿನ್, ವರ್ಮೂತ್ ಸಮಸಮ ಹಾಕಿದರೆ ಫಿಫ್ಟಿ-ಫಿಫ್ಟಿ, ಹೊಸಬರಿಗೆ ನಾನು ಮೊದಲು ಕೊಡೋದು ಇದನ್ನೇ. ಮೆತ್ತಗಿರುತ್ತೆ, ವರ್ಮೂತ್ ಏನು ಅಂತಲೂ ಗೊತ್ತಾಗುತ್ತೆ. ಆಲಿವ್ ಬಾಟಲಿಯ ಉಪ್ಪುನೀರು ಒಂದು ಚಮಚ ಹಾಕಿದರೆ ಡರ್ಟಿ ಮಾರ್ಟಿನಿ. ಹಸಿರು, ಇಡೀ ಆಲಿವ್ ತಗೊಳ್ಳಿ, ಪಿಜ್ಜಾಕ್ಕೆ ಹಾಕೋ ಕಪ್ಪು ಚೂರು ಬೇಡ, ಅದರ ನೀರಿಗೆ ರುಚಿಯೇ ಇಲ್ಲ. ಆಲಿವ್ ಬದಲು ವಿನೆಗರಿನಲ್ಲಿ ನೆನೆಸಿದ ಪುಟ್ಟ ಈರುಳ್ಳಿ ಹಾಕಿದರೆ ಗಿಬ್ಸನ್. ಬೆಳಗಾವಿಯಲ್ಲಿ ಗಿಬ್ಸನ್ ಮಾಡೋಕೆ ಬಲು ಸುಲಭ, ಸಣ್ಣ ಉಳ್ಳಾಗಡ್ಡಿ ಸುಲಿದು, ಬಿಳಿ ವಿನೆಗರ್, ಉಪ್ಪು, ಚೂರು ಸಕ್ಕರೆ, ನಾಲ್ಕು ಕಾಳುಮೆಣಸು ಹಾಕಿ ಎರಡು ದಿನ ಫ್ರಿಡ್ಜಿನಲ್ಲಿಟ್ಟರೆ ಆಯ್ತು. ಹೋಟೆಲಿನಲ್ಲಿ ಊಟದ ಜೊತೆ ಕೊಡೋ ಬೀಟ್‌ರೂಟ್ ಹಾಕಿದ ಗುಲಾಬಿ ಈರುಳ್ಳಿ ಮಾತ್ರ ಹಾಕಬೇಡಿ, ಡ್ರಿಂಕೆಲ್ಲ ಬಣ್ಣ.

ಅಂಗಡಿಯವರು ಕೊಟ್ಟ ಆ ಸಿಹಿ ರೊಸ್ಸೊ ಮನೆಯಲ್ಲಿದ್ದರೆ ಮಾರ್ಟಿನೆಜ್ ಮಾಡಿ. ಮಾರ್ಟಿನಿಗಿಂತ ಹಳೆಯದು ಅಂತಾರೆ, 1884ರ ಒಂದು ಅಮೆರಿಕನ್ ಬಾರ್ ಕೈಪಿಡಿಯಲ್ಲೇ ಇದರ ಹೆಸರಿದೆ. ಜಿನ್, ಸಿಹಿ ವರ್ಮೂತ್, ಒಂದು ಚಮಚ ಮರಸ್ಕಿನೊ ಅನ್ನೋ ಚೆರ್ರಿಯ ಸಿಹಿ ಲಿಕ್ಯೂರ್, ಎರಡು ಹನಿ ಬಿಟರ್ಸ್ ಅನ್ನೋ ಕಹಿ ಸಾರ. ಮರಸ್ಕಿನೊ ಇಲ್ಲಿ ಸಿಗೋದು ಕಷ್ಟ, ಬಿಟ್ಟರೂ ಕುಡಿಯುವ ಹಾಗಿರುತ್ತೆ. ವೆಸ್ಪರ್ ಅಂತ ಇನ್ನೊಂದು, ಜೇಮ್ಸ್ ಬಾಂಡ್ ಕೃಪೆ: 45 ಜಿನ್, 15 ವೋಡ್ಕಾ, 7.5 ಲಿಲೇ ಬ್ಲಾಂ ಅನ್ನೋ ಫ್ರಾನ್ಸಿನ ಘಮದ ವೈನ್. ಲಿಲೇ ಹುಡುಕೋ ಅಷ್ಟು ಶ್ರಮಕ್ಕೆ ಅದು ಬೆಲೆಬಾಳಲ್ಲ, ನನ್ನ ಪ್ರಕಾರ.

ಎಸ್ಪ್ರೆಸೊ ಮಾರ್ಟಿನಿ ಹೆಸರಿಗಷ್ಟೇ ಮಾರ್ಟಿನಿ, ಜಿನ್ನೂ ಇಲ್ಲ, ವರ್ಮೂತೂ ಇಲ್ಲ. 1980ರ ದಶಕದಲ್ಲಿ ಲಂಡನ್ನಿನ ಬಾರ್‌ಟೆಂಡರ್ ಡಿಕ್ ಬ್ರಾಡ್ಸೆಲ್ ಮಾಡಿದ್ದು. 50 ವೋಡ್ಕಾ, 30 ಕಾಫಿ ಲಿಕ್ಯೂರ್, 10 ಸಕ್ಕರೆ ಪಾಕ, ಒಂದು ಎಸ್ಪ್ರೆಸೊ. ಇದನ್ನ ಮಾತ್ರ ಜೋರಾಗಿ ಅಲುಗಾಡಿಸಲೇಬೇಕು, ಮೇಲಿನ ನೊರೆಯೇ ಇದರ ಜೀವ. ಫಿಲ್ಟರ್ ಡಿಕಾಕ್ಷನ್ ಹಾಕಿ ಮಾಡಿದರೆ ರುಚಿ ಚೆನ್ನಾಗಿರುತ್ತೆ, ಚಿಕೋರಿಯ ಕಹಿ ವೋಡ್ಕಾ ಜೊತೆ ಕೂಡುತ್ತೆ, ಆದರೆ ಮಷೀನಿನ ಎಸ್ಪ್ರೆಸೊಗೆ ಬರೋ ಅಷ್ಟು ನೊರೆ ಬರಲ್ಲ. ಇಲ್ಲಿ ಸೆಟ್‌ನ ಶೇಕರ್ ಪೂರ್ತಿ ಬೇಕಾಗುತ್ತೆ, ಮತ್ತೆ ಅದೇ ಮುಚ್ಚಳದ ಕುಸ್ತಿ. ಒಳ್ಳೆ ರಬ್ಬರ್ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಅಲುಗಾಡಿಸಿ, ಮುಗೀತು.

ನನ್ನ ಕೇಳಿದರೆ ಇಂಡಿ ಲಿಂಬೆ ಇರುವ ಊರಲ್ಲಿ ಜಿಮ್ಲೆಟ್ ಮಾಡದೇ ಇರೋದು ಪಾಪ. ಇದು ಮಾರ್ಟಿನಿಯ ದಾಯಾದಿ ಅಷ್ಟೇ. ಜಿನ್ 60, ಆಗ ತಾನೇ ಹಿಂಡಿದ ಲಿಂಬೆರಸ 20, ಸಕ್ಕರೆ ಪಾಕ 15, ಅಲುಗಾಡಿಸಿ. ಮೇ ತಿಂಗಳ ಸಂಜೆ ಕರೆಂಟು ಹೋಗಿ ಫ್ಯಾನು ನಿಂತಾಗ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಮಾವನಿಗೂ ಇದು ಹಿಡಿಸಿತು, ಎರಡನೇದು ಕೇಳಿ ಹಾಕಿಸಿಕೊಂಡರು.

ಕರೆಂಟ್ ಅಂದ ಮೇಲೆ ನೆನಪಾಯ್ತು. ನಾಲ್ಕೈದು ಜನ ಬರುವ ದಿನ ಒಬ್ಬೊಬ್ಬರಿಗೂ ತಿರುಗಿಸುತ್ತಾ ನಿಲ್ಲಬೇಡಿ. 750ರ ಖಾಲಿ ಬಾಟಲಿಗೆ 500 ಜಿನ್, 80 ವರ್ಮೂತ್, 90 ತಣ್ಣನೆ ಕುಡಿಯುವ ನೀರು ಹಾಕಿ, ಕುಲುಕಿ, ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿ ಮಲಗಿಸಿ. ಐಸ್ ಕರಗಿ ಬರಬೇಕಾದ ನೀರನ್ನ ಮೊದಲೇ ಹಾಕಿದ ಹಾಗೆ. ಗಟ್ಟಿಯಾಗಲ್ಲ, ಎಣ್ಣೆಯ ಹಾಗೆ ಮಂದವಾಗುತ್ತೆ. ನೀರು ಇನ್ನೂ ಜಾಸ್ತಿ ಹಾಕಿದರೆ ಮಂಜುಮಂಜಾಗಬಹುದು. ಬಂದವರಿಗೆ ನೇರ ಗ್ಲಾಸಿಗೆ ಸುರಿದುಕೊಡಿ, ಸ್ಟ್ರೇನರೂ ಬೇಡ, ಚಮಚವೂ ಬೇಡ. ಲಂಡನ್ನಿನ ಡ್ಯೂಕ್ಸ್ ಹೋಟೆಲಿನ ಬಾರ್ ಈ ಫ್ರೀಜರ್ ಮಾರ್ಟಿನಿಗೇ ಹೆಸರುವಾಸಿ, ಅಲ್ಲಿ ಐಸನ್ನೂ ಮುಟ್ಟಿಸಲ್ಲ, ನೀರನ್ನೂ ಸೇರಿಸಲ್ಲ, ಅದಕ್ಕೇ ಒಬ್ಬರಿಗೆ ಎರಡರ ಮೇಲೆ ಕೊಡಲ್ಲ. ಮನೆಯಲ್ಲೂ ಆ ಲೆಕ್ಕ ಇಟ್ಟುಕೊಳ್ಳಿ. ನೋಡೋಕೆ ಎರಡು ಗುಟುಕು, ಒಳಗೆ ಇರೋದು ಒಂದು ಲಾರ್ಜ್ ಮತ್ತು ಮೇಲೆ ಸ್ವಲ್ಪ. ಗಾಡಿ ತಂದವರ ಕೀಲಿ ಮೊದಲೇ ಇಸ್ಕೊಳ್ಳಿ.

ಜೊತೆಗೆ ತಿನ್ನೋಕೆ ಉಪ್ಪು ಶೇಂಗಾ ಸಾಕು. ಖಾರದ ಚುರುಮುರಿ, ಮಿರ್ಚಿ ಭಜಿ ಬಿಯರಿಗೆ ಬಿಡಿ, ಆ ಖಾರದ ಮುಂದೆ ಮಾರ್ಟಿನಿಯ ಘಮ ನಿಲ್ಲಲ್ಲ.

ಸೆಟ್‌ಗೆ ಅಂಕ 5ಕ್ಕೆ 2.5. ಅರ್ಧ ಅಂಕ ಜಿಗ್ಗರಿಗೆ, ಒಂದು ಸ್ಟ್ರೇನರಿಗೆ, ಒಂದು ಡಬ್ಬಿಗೆ. ಗ್ಲಾಸಿನ ಒಂದು ಅಂಚು ಬರುವಾಗಲೇ ಬಿರುಕು ಬಿಟ್ಟಿತ್ತು, ಫೋಟೊ ಕಳಿಸಿದರೆ ಮಾರಿದವರು ಬದಲಿ ಕೊಡುವ ಬದಲು ಮುಂದಿನ ಖರೀದಿಗೆ ಹತ್ತು ಪರ್ಸೆಂಟ್ ಕೂಪನ್ ಕಳಿಸಿದ್ದಾರೆ. ಯಾರಿಗಾದರೂ ಬೇಕಿದ್ದರೆ ಕೇಳಿ, ಮರದ ಸ್ಟ್ಯಾಂಡ್ ಸಮೇತ ಕೊಡುತ್ತೇನೆ.